ಬಯಲುಸೀಮೆಯ ಮನೆಯಲ್ಲಿ ಕಡಲಿನ ಮೀನು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಗೆ ಕಡಲು ಬಹುದೂರ. ವರ್ಷವಿಡೀ ಹರಿಯುವ ನದಿಯೂ ಇಲ್ಲಿಲ್ಲ. ನಮಗೆ ನೀರೆಂದರೆ ಕೆರೆ ಮತ್ತು ಕೊಳವೆಬಾವಿ. ಆದರೂ 2003ರಲ್ಲಿ ತೆರೆಕಂಡ ‘ಫೈಂಡಿಂಗ್ ನೀಮೊ’ ಚಿತ್ರವನ್ನು ನೋಡಿದ ಮಕ್ಕಳು ಕಡಲಿನ ಬಣ್ಣದ ಮೀನು ಬೇಕೆಂದು ಹಟ ಹಿಡಿಯುವುದು ಸಹಜವೇ.

ಮುಳಬಾಗಿಲಿನ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದಾಗ ಮೂಲೆಯಲ್ಲಿ ಗಾಜಿನ ತೊಟ್ಟಿಯೊಂದು ಬರಿದಾಗಿ ನಿಂತಿತ್ತು. ಕೊಳವೆಬಾವಿಯ ನೀರಿಗೆ ಅಡುಗೆಯ ಉಪ್ಪು ಕದಡಿ, ಅಂದೇ ಸಂಜೆ ಬೆಂಗಳೂರಿನಿಂದ ತಂದ ಮೂರು ಮೀನುಗಳನ್ನು ಬಿಟ್ಟಿದ್ದರಂತೆ. ವಾರದೊಳಗೆ ಮೂರೂ ಸತ್ತವು. “ತಾತಾ, ದಿನಾ ನಾನೇ ಊಟ ಹಾಕುತ್ತಿದ್ದೆ. ಯಾಕೆ ಸತ್ತುಹೋದವು?” ಎಂದು ಮನೆಯ ಹುಡುಗಿ ಕೇಳಿದಳು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಅರಸಿ ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಕಡಲಿನ ಮೀನಿನ ದೇಹಧರ್ಮ ಕೆರೆಯ ಮೀನಿನದಕ್ಕಿಂತ ಬೇರೆ. ಹೊರಗಿನ ಉಪ್ಪುನೀರು ಅದರ ಮೈಯೊಳಗಿನ ನೀರನ್ನು ಸದಾ ಸೆಳೆಯುತ್ತಿರುತ್ತದೆ. ಆದುದರಿಂದ ಅದು ಕಡಲನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತಿರಬೇಕು. ಬಲೆ, ಚೀಲ, ಪ್ರಯಾಣ, ಅಪರಿಚಿತ ನೀರು ಇವುಗಳಿಂದ ಬೆದರಿದಾಗ ಈ ಸಮತೋಲ ಕೆಡುತ್ತದೆ, ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಬಿಳಿಚುಕ್ಕೆ ರೋಗ ಎರಗುತ್ತದೆ. ನೀಲಿ ಟ್ಯಾಂಗ್ ಮೀನು ಇದಕ್ಕೆ ಬಹುಬೇಗ ತುತ್ತಾಗುವುದು.

ಹೀಗಾಗಿ ಆರೈಕೆ ನೀರಿನಿಂದಲೇ ಮೊದಲಾಗಬೇಕು. ನಮ್ಮ ಕೊಳವೆಬಾವಿಗಳ ನೀರು ಗಡಸು; ಹಲವೆಡೆ ಫ್ಲೋರೈಡ್ ಅಧಿಕ. ಆರ್.ಒ. ವಿಧಾನದಿಂದ ಶುದ್ಧಗೊಳಿಸಿದ ನೀರಿಗೆ ಅಕ್ವೇರಿಯಂ ಅಂಗಡಿಯ ಕೃತಕ ಕಡಲುಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಬೆರೆಸಬೇಕು. ಅಡುಗೆಯ ಉಪ್ಪಿನಲ್ಲಿ ಕಡಲಿನ ಉಳಿದ ಲವಣಗಳಿಲ್ಲವಾದ್ದರಿಂದ ಅದು ಸಲ್ಲದು. ಉಷ್ಣತೆ 25–26 ಡಿಗ್ರಿ ಸೆಲ್ಸಿಯಸ್ ಇರಲಿ. ನೀರು ಆವಿಯಾದರೂ ಉಪ್ಪು ಉಳಿಯುವುದು. ಆದ್ದರಿಂದ ತಗ್ಗಿದಷ್ಟನ್ನು ಉಪ್ಪು ಬೆರೆಸದ ಶುದ್ಧ ನೀರಿನಿಂದಲೇ ತುಂಬಬೇಕು.

ಮೀನಿನ ವಿಸರ್ಜನೆಯಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಅದನ್ನು ನೈಟ್ರೈಟ್ ಆಗಿಯೂ, ಬಳಿಕ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಸೂಕ್ಷ್ಮಾಣುಗಳು ಕಲ್ಲು, ಫಿಲ್ಟರುಗಳಲ್ಲಿ ನೆಲೆಸಲು 4ರಿಂದ 6 ವಾರ ಬೇಕು. ಅಷ್ಟು ದಿನ ಮೀನಿಲ್ಲದ ತೊಟ್ಟಿಗೆ ಚಿಟಿಕೆ ಮೀನಿನ ಆಹಾರ ಹಾಕುತ್ತಿರಬೇಕು. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಶೂನ್ಯವೆಂದು ಕಂಡ ಮೇಲೆಯೇ ಮೀನು ತರಬೇಕು.

ತಂದ ಮೀನನ್ನು ಮೊದಲು ಬೇರೊಂದು ಚಿಕ್ಕ ತೊಟ್ಟಿಯಲ್ಲಿ, ಮಂದ ಬೆಳಕಿನಲ್ಲಿ, ಅಡಗಲು ಆಸರೆಯಿತ್ತು ನಾಲ್ಕು ವಾರ ಇರಿಸುವುದು ಲೇಸು. ಚೀಲವನ್ನು ಹದಿನೈದು ನಿಮಿಷ ತೇಲಬಿಟ್ಟು, ತೊಟ್ಟಿಯ ನೀರನ್ನು ಹನಿಹನಿಯಾಗಿ ಕೂಡಿಸಿ, ಬಳಿಕ ಮೀನನ್ನಷ್ಟೇ ಬಿಡಬೇಕು. ಚೀಲದ ನೀರನ್ನು ಸುರಿಯಬಾರದು. ಕರೆಂಟು ಹೋದಾಗ ಉಸಿರಿಗೆ ಕೊರತೆಯಾಗದಂತೆ ಬ್ಯಾಟರಿಯ ಗಾಳಿಪಂಪು ಸಿದ್ಧವಿರಲಿ.

ಆಯ್ಕೆಯಲ್ಲಿಯೂ ವಿವೇಕ ಬೇಕು. ಚಿಟ್ಟೆಮೀನುಗಳಲ್ಲಿ ಕೆಲವು ಜಾತಿಗಳು ಜೀವಂತ ಹವಳವನ್ನಲ್ಲದೆ ಬೇರೇನನ್ನೂ ತಿನ್ನದೆ ಉಪವಾಸದಿಂದ ಸಾಯುತ್ತವೆ. ನೀಲಿ ಟ್ಯಾಂಗ್ ಒಂದು ಅಡಿಯವರೆಗೆ ಬೆಳೆಯುತ್ತದೆ. ಕಡಲಕುದುರೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಅದನ್ನು ಕೊಳ್ಳಲಾಗದು. ಬಹುಪಾಲು ಕಡಲಮೀನುಗಳು ಹವಳದಿಬ್ಬಗಳಿಂದ ಹಿಡಿದು ತಂದವು. ಕ್ಲೌನ್ ಮೀನನ್ನಾದರೋ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತೊಟ್ಟಿಯಲ್ಲಿಯೇ ಮರಿ ಮಾಡಿಸಿದ್ದಾರೆ. ಅಂತಹ ಮೀನನ್ನೇ ಕೇಳಿ ಪಡೆಯಬೇಕು. ಅದರ ಆಹಾರದಲ್ಲಿ ಸೀಗಡಿಯಿರುವುದನ್ನು ನಮ್ಮ ಶಾಕಾಹಾರಿ ಮನೆಗಳು ಮೊದಲೇ ಯೋಚಿಸಬೇಕು. ಒಪ್ಪದಿದ್ದರೆ ತೊಟ್ಟಿಯ ಆಸೆ ಬಿಡುವುದೇ ದಯೆ.

ಕಳೆದ ತಿಂಗಳು ಆ ಮನೆಗೆ ಮತ್ತೆ ಹೋಗಿ ಹುಡುಗಿಗೆ ಹೇಳಿದೆ: “ನಿನ್ನ ಪ್ರೀತಿಯಲ್ಲಿ ಕೊರತೆಯಿರಲಿಲ್ಲ ಮಗಳೇ, ದೊಡ್ಡವರಲ್ಲಿ ತಾಳ್ಮೆಯಿರಲಿಲ್ಲ.” ಈಗ ಆ ತೊಟ್ಟಿಯಲ್ಲಿ ಬರೀ ನೀರಿದೆ. ಅವಳು ವಾರವಾರವೂ ಅದನ್ನು ಪರೀಕ್ಷಿಸಿ ನೋಟ್ ಪುಸ್ತಕದಲ್ಲಿ ಬರೆದಿಡುತ್ತಿದ್ದಾಳೆ. ಮೀನು ಇನ್ನೂ ಬಂದಿಲ್ಲ.