ಚಳಿಗಾಲದ ಹಳೆಯ ಮರ: ಜಲವರ್ಣದಲ್ಲಿ ಬರೆಯುವ ಬಗೆ



ಉದಕಮಂಡಲದ ನಮ್ಮ ಸದಸ್ಯರೊಬ್ಬರ ಹಿತ್ತಲಲ್ಲಿ ಹಳೆಯ ಮರಸೇಬಿನ ಮರವೊಂದಿದೆ. ಸೊಲ್ಲಾಪುರ, ಜತ್ತದ ಕಡೆಯವರು ಇದನ್ನು ತಮ್ಮ ಪೇರಲ ಎಂದುಕೊಳ್ಳಬಾರದು. ತಮಿಳಿನಲ್ಲಿ ಪೇರಿಕ್ಕಾಯ್ ಎನ್ನುವ ಹಣ್ಣು ಇದು. ಮನೆ ವಿಸ್ತರಿಸಬೇಕಾಗಿರುವುದರಿಂದ ಯುಗಾದಿಯೊಳಗೆ ಮರ ಕಡಿಯುತ್ತಾರಂತೆ. ಅದಕ್ಕೆ ಮೊದಲು ಚಿತ್ರ ಬರೆದಿಡೋಣವೆಂದು ನಾವು ಆರು ಮಂದಿ ಒಂದು ಬೆಳಿಗ್ಗೆ ಏಳಕ್ಕೇ ಹೋಗಿ ಕುಳಿತೆವು. ಅಲ್ಲಿ ಕಲಿತದ್ದನ್ನು ತಮ್ಮ ಮುಂದಿಡುತ್ತಿದ್ದೇವೆ.

ಮೊದಲು ನೋಡಬೇಕಾದದ್ದು ನೆಲ. ಡಿಸೆಂಬರ್, ಜನವರಿಯಲ್ಲಿ ಮೋಡವೂ ಗಾಳಿಯೂ ಇಲ್ಲದ ರಾತ್ರಿ ನೆಲದ ಶಾಖವೆಲ್ಲ ಆಕಾಶಕ್ಕೆ ಹೋಗಿಬಿಡುತ್ತದೆ. ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಇಳಿದು, ಅಲ್ಲಿನ ಹುಲ್ಲಿನ ಮೇಲೆ ನೀರಾವಿ ಬಿಳಿ ಹರಳಾಗುತ್ತದೆ. ಆದ್ದರಿಂದ ತಗ್ಗು ಬೆಳ್ಳಗಿದ್ದರೂ ಏರು ಹಸಿರಾಗಿಯೇ ಇರಬಹುದು. ಬಿಸಿಲು ತಾಗಿದಲ್ಲಿ ಹರಳು ಕರಗುತ್ತದೆ, ಮರದ ನೆರಳು ಬಿದ್ದಲ್ಲಿ ಇನ್ನಷ್ಟು ಹೊತ್ತು ಉಳಿಯುತ್ತದೆ. ಹಾಗಾಗಿ ಆ ನೆರಳನ್ನು ಕಪ್ಪಾಗಿಸದೆ, ತಿಳಿ ನೀಲಿ ಬೆರೆತ ಬಿಳುಪಾಗಿ ತೋರಿಸಬೇಕು.

ಎರಡನೆಯದು, ಬಿಳಿ ಬಣ್ಣದ ಟ್ಯೂಬನ್ನು ಪೆಟ್ಟಿಗೆಯಲ್ಲೇ ಬಿಡಿ. ಜಲವರ್ಣ ಪಾರದರ್ಶಕ, ಇಲ್ಲಿ ಬಿಳಿ ಎಂದರೆ ಕಾಗದವೇ. ನಾವು ಎಲ್ಲವನ್ನೂ ಬಳಿದು, ಆಮೇಲೆ ಬಿಳಿ ಹಚ್ಚಿದೆವು. ಸುಣ್ಣ ಹೊಡೆದ ಗೋಡೆಯಂತಾಯಿತು. ಕಚೇರಿಯಲ್ಲಿ ಸಾಹೇಬರ ಸಹಿಗೆ ಜಾಗ ಬಿಟ್ಟು ಟೈಪು ಮಾಡುತ್ತಿದ್ದೆವಲ್ಲ, ಹಾಗೆಯೇ ಬಿಳಿಗೂ ಮೊದಲೇ ಜಾಗ ಬಿಡಬೇಕು.

ಕಾಗದ 300 ಜಿಎಸ್‌ಎಂ ಇರಲಿ. ತೆಳು ಹಾಳೆ ನೀರು ಬಿದ್ದೊಡನೆ ಉಬ್ಬುತ್ತದೆ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ, ಯೆಲ್ಲೊ ಓಕರ್ ಎಂಬ ಮೂರೇ ಬಣ್ಣ ಸಾಕು. ಮೊದಲೆರಡನ್ನು ಬೆರೆಸಿದರೆ ತಿಳಿ ಬೂದಿಯಿಂದ ಹಿಡಿದು ಕಪ್ಪಿಗೆ ಹತ್ತಿರದ ಬಣ್ಣದವರೆಗೆ ಎಲ್ಲವೂ ಸಿಗುತ್ತದೆ.

ಆಕಾಶದ ಭಾಗವನ್ನು ಒದ್ದೆ ಮಾಡಿ ತೆಳು ನೀಲಿ ಹರಿಸಿ. ಕೆಳಗೆ ತುಸು ಓಕರ್. ಪಸೆ ಇರುವಾಗಲೇ ದೂರದ ಗುಡ್ಡ ಬರೆದರೆ ಅಂಚು ಮಂಜಿನಲ್ಲಿ ಕರಗಿದಂತೆ ಕಾಣುತ್ತದೆ. ಒಣಗಿದ ಮೇಲೆ ಬಣ್ಣ ತಿಳಿಯಾಗುವುದರಿಂದ ಕೊಂಚ ಗಾಢವಾಗಿಯೇ ಹಚ್ಚಿ. ಬಳಿಕ ಕಾಯಿರಿ. ಚಳಿಯಲ್ಲಿ ಕಾಗದ ಬೇಗ ಒಣಗದು. ಅವಸರಪಟ್ಟ ನಮ್ಮಲ್ಲಿ ಇಬ್ಬರ ಮರ ಆಕಾಶಕ್ಕೆ ಹರಿದುಹೋಯಿತು.

ಪೂರ್ತಿ ಒಣಗಿದ ಮೇಲೆ ಮರ. ಕುಂಚವನ್ನು ಬುಡದಿಂದ ಮೇಲಕ್ಕೆ, ಮರ ಬೆಳೆದ ದಿಕ್ಕಿನಲ್ಲೇ ಎಳೆಯಿರಿ. ಕವಲೊಡೆದಂತೆಲ್ಲ ಕೊಂಬೆ ಸಣ್ಣದಾಗಬೇಕು. ತೊಗಟೆಯ ಒರಟಿಗೆ, ಬಹುತೇಕ ಒಣಗಿದ ಕುಂಚವನ್ನು ಓರೆಯಾಗಿ ಉಜ್ಜಿದರೆ ಸಾಕು. ಗಂಟು, ಮುರಿದ ಕೊಂಬೆ, ಪೊಟರೆಗಳನ್ನು ತಿದ್ದಲು ಹೋಗಬೇಡಿ. ಮರದ ವಯಸ್ಸು ತಿಳಿಯುವುದೇ ಅವುಗಳಿಂದ.

ತಮ್ಮ ಊರಿನ ಒಂದು ಹಳೆಯ ಮರವನ್ನು ತಾವೂ ಬರೆದು ಕಳುಹಿಸಬೇಕೆಂದು ವಿನಂತಿ. ಮುಂದಿನ ಸಭೆಯಲ್ಲಿ ಎಲ್ಲ ಚಿತ್ರಗಳನ್ನೂ ಗೋಡೆಗೆ ಹಾಕುತ್ತೇವೆ. ಮನೆಯಲ್ಲಿ ಆ ಮರವನ್ನು ಕರೆಯುವ ಹೆಸರು ಚಿತ್ರದ ಕೆಳಗೆ ಕನ್ನಡದಲ್ಲಿರಲಿ. ಶಾಲೆಯಲ್ಲಿ ಕನ್ನಡ ಸಿಗದ ಮಕ್ಕಳು ನಮ್ಮ ಮನೆಗಳಲ್ಲಿ ಅನೇಕರಿದ್ದಾರೆ. ಆ ಹೆಸರನ್ನು ಅವರ ಕೈಯಿಂದಲೇ ಬರೆಸಿ.

– ಕಾರ್ಯದರ್ಶಿ