ಎರಡು ಊರುಗಳ ನಡುವಣ ಹಾದಿ

ಇಂಗ್ಲಿಷಿನ 'ಕಮ್ಯೂಟರ್' ಎಂಬ ಮಾತಿನ ಹುಟ್ಟು ಕುತೂಹಲಕರವಾದುದು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕದ ರೈಲು ಕಂಪೆನಿಗಳು ದಿನವೂ ಓಡಾಡುವವರಿಗೆ ದರ ಇಳಿಸಿ ಕೊಡುತ್ತಿದ್ದ ಚೀಟಿಗೆ 'ಕಮ್ಯುಟೇಷನ್ ಟಿಕೆಟ್' ಎಂದು ಹೆಸರಿತ್ತು. ಇಳಿದದ್ದು ದರ, ಹೆಸರು ಮಾತ್ರ ಪ್ರಯಾಣಿಕನಿಗೇ ಅಂಟಿಕೊಂಡಿತು. ನಾವು ಪಾಸು ಎನ್ನುವ ಈ ಚೀಟಿಯನ್ನು ಬ್ರಿಟನ್ನಿನಲ್ಲಿ 'ಸೀಸನ್ ಟಿಕೆಟ್' ಎನ್ನುತ್ತಾರೆ. ಅಲ್ಲಿ ಇಡೀ ವರ್ಷದ ಪಾಸಿಗೆ 40 ವಾರದ ಪಾಸುಗಳಷ್ಟು ಬೆಲೆ.

ಪಾಸು ಕೊಂಡವನು ತಾನು ಎರಡು ಊರುಗಳನ್ನು ಕೊಂಡೆನೆಂದು ತಿಳಿಯುತ್ತಾನೆ. ಆದರೆ ಆ ಊರುಗಳ ನಡುವೆ ಹಾದಿಗಳು ಹಲವು. ಅವುಗಳಲ್ಲಿ ಅವನ ಪಾಲಿನವು ಯಾವುವು?

ಪ್ರಶ್ನೆ ಹಳೆಯದು. ಒಂದೇ ಪಯಣದಲ್ಲಿ ಹಲವು ಕಂಪೆನಿಗಳ ಹಳಿ ದಾಟುವವನ ಹಣವನ್ನು ಹಂಚಿಕೊಳ್ಳುವುದಕ್ಕೆಂದೇ 1842ರಲ್ಲಿ ಲಂಡನ್ನಿನಲ್ಲಿ 'ರೈಲ್ವೆ ಕ್ಲಿಯರಿಂಗ್ ಹೌಸ್' ಕೆಲಸ ಆರಂಭಿಸಿತು. 1948ರಲ್ಲಿ ರೈಲ್ವೆ ರಾಷ್ಟ್ರೀಕೃತವಾಗಿ ಒಡೆಯನೊಬ್ಬನೇ ಆದಾಗ ಈ ತೊಡಕು ಸಡಿಲಗೊಂಡಿತು. 1993ರ ಕಾನೂನು ರೈಲ್ವೆಯನ್ನು ಮತ್ತೆ ಹೋಳು ಮಾಡಿದ ಮೇಲೆ, ಹಾದಿಗಳ ನಿರ್ಣಯಕ್ಕೆ 'ರೂಟಿಂಗ್ ಗೈಡ್' ಎಂಬ ಕೈಪಿಡಿಯೇ ಬೇಕಾಯಿತು.

ಅದರ ಸಾರವನ್ನು ಮೂರು ಮಾತಿನಲ್ಲಿ ಹೇಳಬಹುದು. ಎಲ್ಲಿಯೂ ಬದಲಾಯಿಸದೆ ಊರಿನಿಂದ ಊರಿಗೆ ನೇರವಾಗಿ ಹೋಗುವ ರೈಲು ಸಲ್ಲುತ್ತದೆ. ಹಳಿಯ ಲೆಕ್ಕದಲ್ಲಿ ಅತಿ ಹತ್ತಿರದ ಹಾದಿ ಸಲ್ಲುತ್ತದೆ. ಅದಕ್ಕಿಂತ 3 ಮೈಲಿಯವರೆಗೆ ಹೆಚ್ಚಾದರೂ ಅಡ್ಡಿಯಿಲ್ಲ. ಇವೆರಡೂ ಅಲ್ಲದೆ, ಕೈಪಿಡಿಯ ನಕ್ಷೆಗಳಲ್ಲಿ ಗುರುತಿಸಿದ ಹಾದಿಗಳೂ ಸಲ್ಲುತ್ತವೆ.

ಆದರೆ ಚೀಟಿಯ ಮೇಲೆ ಅಚ್ಚಾದ ಮಾತು ಇವೆಲ್ಲಕ್ಕಿಂತ ಬಲವಾದುದು. 'ಎನಿ ಪರ್ಮಿಟೆಡ್' ಎಂದಿದ್ದರೆ ಮೇಲೆ ಹೇಳಿದ ಸ್ವಾತಂತ್ರ್ಯವೆಲ್ಲ ಉಂಟು. ನಡುವಣ ಒಂದು ಊರಿನ ಹೆಸರಿದ್ದರೆ ಆ ಊರಿನ ಮೇಲೆಯೇ ಹೋಗಬೇಕು. ಎಕ್ಸೆಟರಿನಿಂದ ಲಂಡನ್ನಿಗೆ ಹಾನಿಟನ್ ಮಾರ್ಗದ ಟಿಕೆಟ್ಟು ಅಗ್ಗ. ಆದರೆ ಅದನ್ನು ಹಿಡಿದು ಪ್ಯಾಡಿಂಗ್ಟನ್ನಿಗೆ ಹೋಗುವ ವೇಗದ ಗಾಡಿ ಹತ್ತುವಂತಿಲ್ಲ. ತಪ್ಪು ಹಾದಿ ಹಿಡಿದವನು ದರದ ವ್ಯತ್ಯಾಸವನ್ನು ತೆರಬೇಕು.

ಸ್ವಾತಂತ್ರ್ಯದ ಬೆಲೆ ತಿಳಿಯುವುದು ಹಳಿ ಕೆಟ್ಟ ದಿನ. ಕೇಂಬ್ರಿಜ್ಜಿನಿಂದ ಲಂಡನ್ನಿಗೆ ಎರಡು ನೇರ ಹಾದಿಗಳಿವೆ: ಒಂದು ಕಿಂಗ್ಸ್ ಕ್ರಾಸಿಗೆ, ಇನ್ನೊಂದು ಲಿವರ್‌ಪೂಲ್ ಸ್ಟ್ರೀಟಿಗೆ. 'ಎನಿ ಪರ್ಮಿಟೆಡ್' ಪಾಸಿನವನು ಬೆಳಗ್ಗೆ ಒಂದರಲ್ಲಿ ಬಂದು ಸಂಜೆ ಇನ್ನೊಂದರಲ್ಲಿ ಮರಳಬಹುದು. ನಡುವಣ ನಿಲ್ದಾಣಗಳಲ್ಲಿ ಇಳಿದು ಮತ್ತೆ ಹತ್ತಬಹುದು. ಎರಡು ನಿಲ್ದಾಣಗಳ ನಡುವೆ ನೆಲದಡಿಯ ರೈಲು ಹಿಡಿದರೆ ಮಾತ್ರ ಆ ದರ ಬೇರೆ. ಒಂದೇ ಹಾದಿಗೆ ಕಟ್ಟುಬಿದ್ದ ಅಗ್ಗದ ಪಾಸಿನವನಿಗೆ ಈ ಅನುಕೂಲವಿಲ್ಲ. ಅಂಥ ದಿನ ಬೇರೆ ಹಾದಿಯನ್ನು ತೆರೆದುಕೊಡುವ ಪ್ರಕಟಣೆ ಹೊರಡುವುದುಂಟು. ಆದರೆ ಅದಕ್ಕಾಗಿ ಅವನು ಕಾದು ನಿಲ್ಲಬೇಕು.

ದಿನಕ್ಕೆ ಎರಡು ಬಾರಿಯಂತೆ ವರ್ಷವೆಲ್ಲ ಸವೆಸುವ ಹಾದಿ ಮನುಷ್ಯನ ಆಯುಷ್ಯದ ಸಣ್ಣ ಭಾಗವೇನಲ್ಲ. ಆದುದರಿಂದ ಪಾಸು ಕೊಳ್ಳುವವನು ಊರುಗಳ ಹೆಸರನ್ನಷ್ಟೇ ಓದಿ ಮಡಿಸಿಡದೆ, ಹಾದಿಯನ್ನು ಹೇಳುವ ಆ ಸಣ್ಣ ಅಕ್ಷರದ ಸಾಲನ್ನೂ ಓದುವುದು ಒಳ್ಳೆಯದು.