ತೊಗರಿಯ ನುಸಿಗೆ ಬಿಸಿಲಿನ ಫಲಕ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಕರಿಯ ಭೂಮಿಯಲ್ಲಿ ತೊಗರಿಯು ರೈತನ ಮುಖ್ಯ ಆಧಾರವಾಗಿರುವುದು. ಈ ಸೀಮೆಯ ತೊಗರಿ ಬೇಳೆಗೆ 2019ನೆಯ ಇಸವಿಯಲ್ಲಿ ಭೌಗೋಳಿಕ ಗುರುತೂ ದೊರೆತಿದೆ. ಆದರೆ ಪುಷ್ಯ ಮಾಸದಲ್ಲಿ ಕಣದಿಂದ ಮನೆಗೆ ಬಂದ ಕಾಳು ಮೃಗಶಿರಾ ಮಳೆಯ ಹೊತ್ತಿಗೆ ಯಾವ ಸ್ಥಿತಿಯಲ್ಲಿರುವುದೆಂಬುದನ್ನು ನಿಂಬರ್ಗಾ ಸುತ್ತಿನ ಯಾವ ಗೃಹಿಣಿಗೂ ಹೇಳಿಕೊಡಬೇಕಾಗಿಲ್ಲ. ಚೀಲದೊಳಗೆ ಕೈಯಿಟ್ಟರೆ ಹಿಟ್ಟು ಹತ್ತುವುದು. ಕಾಳಿನಲ್ಲಿ ದುಂಡಾದ ತೂತು ಕಾಣುವುದು. ಬೆಲೆ ಏರುವ ತನಕ ಕಾಯಬಲ್ಲ ರೈತನು ಸಹ ನುಸಿಯ ಭಯದಿಂದ ಸುಗ್ಗಿಯಲ್ಲಿಯೇ, ಪೇಟೆಯಲ್ಲಿ ಮಾಲು ತುಂಬಿರುವಾಗಲೇ, ತನ್ನ ತೊಗರಿಯನ್ನು ಮಾರಿಬಿಡುವನು.

ಈ ನುಸಿಯನ್ನು ಕೊಲ್ಲತಕ್ಕ ಒಂದು ಸೌರ ಫಲಕವನ್ನು ಮನೆಯಲ್ಲಿ ದೊರೆಯುವ ಸಾಮಾನುಗಳಿಂದಲೇ ಸಿದ್ಧಪಡಿಸಿಕೊಳ್ಳಬಹುದಾಗಿದೆ. ಫಲಕವೆಂದೊಡನೆ ವಿದ್ಯುತ್ತನ್ನು ಕೊಡುವ ನೀಲಿ ಫಲಕವು ವಾಚಕರ ಕಣ್ಣಮುಂದೆ ಬರಬಹುದು, ಇದು ಅದಲ್ಲ. ವಿದ್ಯುತ್ತಿನ ಫಲಕವನ್ನೂ ಮನೆಯಲ್ಲಿಯೇ ಕಟ್ಟಬಹುದೇ ಎಂದು ತರುಣರು ಕೇಳುವುದುಂಟು. ಅದರ ಬಿಲ್ಲೆಗಳು ಶುದ್ಧವಾದ ಸಿಲಿಕಾನಿನಿಂದಾದವು. ಸಿಲಿಕಾನು ಕರಗಬೇಕಾದರೆ 1,400 ಡಿಗ್ರಿಗೂ ಮಿಕ್ಕಿದ ಕುಲುಮೆ ಬೇಕು. ಆದುದರಿಂದ ಬಿಲ್ಲೆಗಳನ್ನು ಕೊಂಡೇ ತರಬೇಕು. ಒಂದು ಬಿಲ್ಲೆಯು ಸುಮಾರು ಅರ್ಧ ವೋಲ್ಟನ್ನು ಮಾತ್ರ ಕೊಡುವುದರಿಂದ, ಒಂದು ಸಾಧಾರಣ ಬ್ಯಾಟರಿಯನ್ನು ತುಂಬಲು 36 ಬಿಲ್ಲೆಗಳನ್ನು ಸಾಲಾಗಿ ಬೆಸೆಯಬೇಕಾಗುತ್ತದೆ. ಅಷ್ಟನ್ನು ಮಾಡಿದರೂ ಗಾಜಿನ ಅಂಚಿನಿಂದ ಮಳೆಗಾಲದ ತೇವವು ಒಳಗೆ ಸೇರಿ ಬೆಸುಗೆಗಳನ್ನು ತಿನ್ನುವುದು. ಶಾಲೆಯ ಹುಡುಗರು ಕಲಿಯುವುದಕ್ಕೆ ಇದು ಉತ್ತಮವಾದ ಕೆಲಸ. ಮನೆಯ ದೀಪಕ್ಕೆ ಇದನ್ನು ನೆಚ್ಚಲಾಗದು.

ಶಾಖವನ್ನು ಹಿಡಿಯುವ ಮಾತು ಬೇರೆ. 1767ರಲ್ಲಿಯೇ ಜಿನೀವಾ ನಗರದ ಸೊಸ್ಯೂರ್ ಎಂಬ ವಿದ್ವಾಂಸನು ಗಾಜಿನ ಪೆಟ್ಟಿಗೆಗಳನ್ನು ಒಂದರೊಳಗೊಂದರಂತೆ ಇರಿಸಿ, ಬಿಸಿಲಿನ ಶಾಖವನ್ನು ಒಳಗೆ ಕಟ್ಟಿಡಬಹುದೆಂದು ತೋರಿಸಿದನು. ಕರಿಯ ವಸ್ತುವು ಬಿಸಿಲನ್ನು ಹೀರಿ ಬಿಸಿಯಾಗುವುದು. ಮೇಲಿನ ಪಾರದರ್ಶಕ ಹೊದಿಕೆಯು ಗಾಳಿಯನ್ನು ತಡೆದು ಆ ಶಾಖವನ್ನು ಹೊರಗೆ ಹೋಗಗೊಡದು. ಕಣದಲ್ಲಿ ಬರಿದೇ ಹರವಿದ ಕಾಳಿಗೆ ಈ ಅನುಕೂಲವಿಲ್ಲ. ಗಾಳಿಯು ಶಾಖವನ್ನು ಒಯ್ಯುತ್ತಲೇ ಇರುವುದರಿಂದ ದುಂಬಿಗಳು ಕಾಳನ್ನು ಬಿಟ್ಟು ನೆರಳಿಗೆ ಸರಿಯುವುವು, ಕಾಳಿನೊಳಗಿನ ಮರಿಗಳು ಸಾಯದೆ ಉಳಿಯುವುವು. ನಮ್ಮ ಹಿರಿಯರು ಕಾಳನ್ನು ಒಣಗಿಸಿಯೇ ಇಡುತ್ತಿದ್ದರಾದರೂ ನುಸಿಯು ಮತ್ತೆ ಮತ್ತೆ ಹುಟ್ಟುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಈ ದುಂಬಿಯ ನಡತೆಯನ್ನು ತಿಳಿದರೆ ಉಪಾಯವು ಸ್ಪಷ್ಟವಾಗುವುದು. ಅದು ಹೊಲದಲ್ಲಿರುವ ಕಾಯಿಗಳ ಮೇಲೆಯೂ ಉಗ್ರಾಣದಲ್ಲಿರುವ ಕಾಳಿನ ಮೇಲೆಯೂ ಬಿಳಿಯ ಚುಕ್ಕೆಯಂತಹ ತತ್ತಿಯನ್ನು ಅಂಟಿಸುತ್ತದೆ. ಮರಿಯು ನೇರವಾಗಿ ಕಾಳಿನೊಳಗೆ ಕೊರೆದುಕೊಂಡು ಹೋಗಿ, ಬೆಳೆದು ದುಂಬಿಯಾದ ಮೇಲೆಯೇ ಹೊರಬರುವುದು. ಹೀಗಿರುವುದರಿಂದ ಕೇರುವುದರಿಂದಲೂ ಜರಡಿ ಹಿಡಿಯುವುದರಿಂದಲೂ ಒಳಗಿನ ಮರಿಗೆ ಏನೂ ಆಗದು. ಶಾಖವು ಮಾತ್ರ ಅಲ್ಲಿಗೆ ಮುಟ್ಟಬಲ್ಲುದು. ಅಮೇರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಮರ್ಡಕ್ ಮತ್ತು ಶೇಡ್ ಎಂಬವರು ಅಲಸಂದಿಯ ದುಂಬಿಯನ್ನು ಕುರಿತು 1991ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಸೆಂಟಿಗ್ರೇಡ್ ಮಾನದ 57 ಡಿಗ್ರಿಯ ಶಾಖವು ಒಂದು ಗಂಟೆ ನಿಂತರೆ ತತ್ತಿ, ಮರಿ, ದುಂಬಿ ಎಲ್ಲವೂ ಸಾಯುವುವು. ತೊಗರಿಯನ್ನು ಕೆಡಿಸುವುದೂ ಅದೇ ಕುಲದ ದುಂಬಿಯೇ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯವರು ತೊಗರಿ ಬೀಜವನ್ನು ಪಾರದರ್ಶಕ ಪಾಲಿಥೀನ್ ಚೀಲಗಳಲ್ಲಿ ಬಿಸಿಲಿಗಿಟ್ಟು ಪರೀಕ್ಷಿಸಿ, ಈ ವಿಧಾನವು ಫಲಕಾರಿಯೆಂದು 2002ರಲ್ಲಿ ಪ್ರಕಟಿಸಿದ್ದಾರೆ.

ಫಲಕವನ್ನು ಹಾಸುವ ಕ್ರಮವು ಹೀಗಿದೆ. ದಿನವಿಡೀ ನೆರಳು ಬೀಳದ ಸಮನಾದ ಜಾಗವನ್ನು ಆರಿಸಿ, ನಾಲ್ಕು ಬೆರಳಿನಷ್ಟು ದಪ್ಪಕ್ಕೆ ಒಣಗಿದ ಹೊಟ್ಟನ್ನಾಗಲಿ ಹುಲ್ಲನ್ನಾಗಲಿ ಹರಡತಕ್ಕದ್ದು. ಇದನ್ನು ಬಿಟ್ಟರೆ ಶಾಖವೆಲ್ಲವೂ ನೆಲಕ್ಕೆ ಇಳಿದುಹೋಗುವುದು. ತೊಗರಿ ಕಟ್ಟಿಗೆಯನ್ನು ಇದಕ್ಕೆ ಬಳಸಕೂಡದು, ಅದು ಹಾಳೆಯನ್ನು ಚುಚ್ಚುವುದು. ಹೊಟ್ಟಿನ ಮೇಲೆ ಮೂರು ಮೀಟರು ಉದ್ದ, ಮೂರು ಮೀಟರು ಅಗಲದ ಕರಿಯ ಹಾಳೆಯನ್ನು ಹಾಸಬೇಕು. ಕೃಷಿ ಹೊಂಡಕ್ಕೆ ಹಾಸಿ ಉಳಿದ ತುಂಡಾಗಲಿ ಕರಿಯ ತಾಡಪತ್ರಿಯಾಗಲಿ ಸಾಕಾದೀತು. ಕ್ರಿಮಿನಾಶಕವು ತಾಗಿದ ಹಾಳೆಯನ್ನು ಮಾತ್ರ ಮುಟ್ಟಬಾರದು. ಅದರ ಮೇಲೆ ಸುಮಾರು 50 ಕಿಲೋ ಕಾಳನ್ನು ಒಂದು ಬೆರಳಿಗಿಂತ ದಪ್ಪವಾಗದಂತೆ ಹರಡಿ, ಹರಿಯದಿರುವ ಪಾರದರ್ಶಕ ಹಾಳೆಯನ್ನು ಹೊದಿಸಿ, ಎರಡೂ ಹಾಳೆಗಳ ಅಂಚುಗಳನ್ನು ಕೂಡಿಸಿ ಮಡಚಿ ಸುತ್ತಲೂ ಕಲ್ಲನ್ನು ಹೇರತಕ್ಕದ್ದು. ಕೊಳ್ಳಬೇಕಾದ ಸಾಮಾನು ಬಹುಶಃ ಈ ಮೇಲಿನ ಹಾಳೆಯೊಂದೇ. ಖಾಲಿ ಗೋಣಿಗಳ ಮೂಲೆಗಳಲ್ಲಿ ದುಂಬಿಗಳು ಅಡಗಿರುವುದರಿಂದ ಅವುಗಳನ್ನೂ ಬೇರೊಂದು ದಿನ ಹೀಗೆಯೇ ಕಾಯಿಸುವುದು ಒಳ್ಳೆಯದು.

ಶಾಖವು ಸಾಕಾಯಿತೆಂಬುದನ್ನು ಅರಿಯುವುದಕ್ಕೆ ಜ್ವರ ನೋಡುವ ಉಷ್ಣಮಾಪಕವನ್ನು ಇಡಲಾಗದು; ಅದರ ಅಳತೆ 42 ಡಿಗ್ರಿಗೇ ಮುಗಿಯುವುದಲ್ಲದೆ, ಒಡೆದು ಪಾದರಸವು ಚೆಲ್ಲಿದರೆ ಕಾಳು ವಿಷವಾಗುವುದು. ಡಬ್ಬಿಯ ಮುಚ್ಚಳದಲ್ಲಿ ಮೇಣದ ಬತ್ತಿಯ ತುಂಡನ್ನಿಟ್ಟು ಹಾಳೆಯ ಕೆಳಗೆ ಕಾಳಿನ ನಡುವೆ ಇರಿಸಿದರೆ, ಅದು ಪೂರ್ಣವಾಗಿ ಕರಗಿದುದೇ ಒಂದು ಒರಟಾದ ಸೂಚನೆ. ಎಲ್ಲ ಮೇಣವೂ ಒಂದೇ ಶಾಖಕ್ಕೆ ಕರಗದಾದುದರಿಂದ, ಅಲ್ಲಿಂದ ಮುಂದೆ ಎರಡು ಗಂಟೆಗೆ ಕಡಿಮೆಯಾಗದಂತೆ ಬಿಡಬೇಕು. ಮಾಘದಿಂದ ವೈಶಾಖದವರೆಗಿನ ನಿರ್ಮಲವಾದ ದಿನಗಳಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಹೊದಿಸಿ ಮಧ್ಯಾಹ್ನ ನಾಲ್ಕಕ್ಕೆ ತೆಗೆದರೆ ಸರಿಯಾದೀತು. ಮೋಡ ಕವಿದ ದಿನ ಈ ಕೆಲಸಕ್ಕೆ ಕೈಹಾಕಲೇಬಾರದು. ಅರೆಬಿಸಿಯಾದ ಕಾಳಿನಲ್ಲಿ ಹುಳವು ಸಾಯುವುದಕ್ಕೆ ಬದಲಾಗಿ ಬೇಗ ಬೆಳೆಯುವುದು.

ಬೀಜದ ತೊಗರಿಯ ವಿಷಯದಲ್ಲಿ ಎಚ್ಚರಿಕೆ ಬೇಕು. ಹಸಿಯಾದ ಬೀಜವು ಈ ಶಾಖದಲ್ಲಿ ಮೊಳಕೆಯ ಶಕ್ತಿಯನ್ನು ಕಳೆದುಕೊಳ್ಳುವುದು. ಹಲ್ಲಿನಿಂದ ಕಡಿದಾಗ ಕಟ್ಟೆಂದು ಮುರಿಯುವಷ್ಟು ಒಣಗಿಸಿದ ಮೇಲೆಯೇ ಹೊದಿಸಿ, ಬಳಿಕ ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಎಷ್ಟು ಮೊಳೆತವೆಂದು ಎಣಿಸಿ ನೋಡತಕ್ಕದ್ದು.

ಕಾಯ್ದ ಕಾಳನ್ನು ಕೂಡಲೇ ಚೀಲಕ್ಕೆ ತುಂಬಿದರೆ ಬೆವರಿ ಬೂಷ್ಟು ಹಿಡಿಯುವುದು. ನೆರಳಿನಲ್ಲಿ ತಣಿಸಿ, ಅದೇ ಸಂಜೆಯೇ ಗಾಳಿಯಾಡದ ಡಬ್ಬಿಯಲ್ಲಿಯಾಗಲಿ ಮೂರು ಪದರದ ಚೀಲದಲ್ಲಿಯಾಗಲಿ ಭದ್ರಪಡಿಸಬೇಕು. ಶಾಖವು ಇದ್ದ ಹುಳವನ್ನು ಕೊಲ್ಲುವುದೇ ಹೊರತು ಮುಂದೆ ಬರುವುದನ್ನು ತಡೆಯದು. ದುಂಬಿಗೆ ರೆಕ್ಕೆಗಳುಂಟು, ನೆರೆಮನೆಯ ಕಣಜದಿಂದ ಹಾರಿ ಬರುವುದು. ಊರ ಗೌಡರೂ ಜಮೀನುದಾರರೂ ತಮ್ಮ ಕಾಳನ್ನಷ್ಟೇ ಕಾಯಿಸಿ ಸುಮ್ಮನಾದರೆ ಅರ್ಧ ಕೆಲಸವಾದಂತೆ. ಊರಿಗೆ ನಾಲ್ಕಾರು ಜೊತೆ ಹಾಳೆಗಳನ್ನು ಇರಿಸಿಕೊಂಡು, ಒಂದೆರಡು ಚೀಲ ಬೆಳೆಯುವ ಸಣ್ಣ ಒಕ್ಕಲಿಗರಿಗೂ ಸರದಿಯಂತೆ ಎರವಲು ಕೊಡುವ ಏರ್ಪಾಡನ್ನು ಮಾಘ ಮಾಸದಲ್ಲಿಯೇ ಮಾಡಬೇಕು. ಕೆಲಸ ಮುಗಿದ ಮೇಲೆ ಹಾಳೆಗಳನ್ನು ಒರೆಸಿ, ಸುರುಳಿ ಸುತ್ತಿ, ಇಲಿ ಮುಟ್ಟದಂತೆ ಬಿಸಿಲು ಬೀಳದ ಅಟ್ಟದ ಮೇಲೆ ಇಡತಕ್ಕದ್ದು.